ಏಳನೇ ಪೋರ್ಟಿನ ಮೇಲೆ ಅನುಮಾನ

"ಸಾರ್, ನಮ್ಮ ಆಸ್ಪತ್ರೆ ಒಳಗೆ ಯಾರೋ ಕಳ್ಳರು ಸೇರ್ಕಂಡವ್ರೆ. ಬೇಗ ಬಂದ್ಬುಡಿ."

ಹೋದ ತಿಂಗಳ ಒಂದು ಬೆಳಿಗ್ಗೆ. ಮಧುಗಿರಿಯ ಹೋಟೆಲಿನಲ್ಲಿ ಎರಡನೇ ಇಡ್ಲಿಗೆ ಇನ್ನೂ ಕೈ ಹಾಕಿರಲಿಲ್ಲ, ಫೋನು ಬಂತು. ಮಾತಾಡಿದ್ದು ರುದ್ರಪ್ಪನವರು, ಶಿರಾದ ಖಾಸಗಿ ಆಸ್ಪತ್ರೆಯೊಂದರ ಮ್ಯಾನೇಜರ್. (ಆಸ್ಪತ್ರೆಯ ಹೆಸರು ಬೇಡ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.) ಕಳ್ಳರು ಬಂದರೆ ಪೊಲೀಸರಿಗೆ ಹೇಳಬೇಕು, ನನಗ್ಯಾಕೆ?

"ಕಂಪ್ಯೂಟರ್ ಕಳ್ಳರು ಸಾರ್. ಬೆಳಿಗ್ಗೆ ಒಂಬತ್ತೂವರೆ ಆಯ್ತು ಅಂದ್ರೆ ಎಲ್ಲಾ ಗರ ಬಡ್ದಂಗೆ ನಿಂತೋಗ್ತದೆ."

ನಿಮಗೆ ಗೊತ್ತಲ್ಲ, ವಾರಕ್ಕೊಮ್ಮೆ ಈ ಅಂಕಣ ಬರೆಯುವುದು ನನ್ನ ಚಟ. ಹೊಟ್ಟೆಪಾಡು ಬೇರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂತ ಬೈಕಿನಲ್ಲಿ ಸುತ್ತುತ್ತಾ ಆಫೀಸು, ಆಸ್ಪತ್ರೆ, ಕಾಲೇಜುಗಳ ನೆಟ್‌ವರ್ಕ್ ರಿಪೇರಿ ಮಾಡುತ್ತೇನೆ. ಹೋದೆ.

ಆಸ್ಪತ್ರೆ ತುಂಬ ಜನ. ಡಾಕ್ಟರಮ್ಮ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಿದ್ದಾರೆ, ಲ್ಯಾಬಿನಿಂದ ರಿಪೋರ್ಟು ಬರುತ್ತಿಲ್ಲ. ಲ್ಯಾಬ್ ಟೆಕ್ನಿಶಿಯನ್ ನಯಾಜ್ ರಿಪೋರ್ಟುಗಳನ್ನು ಚೀಟಿಯಲ್ಲಿ ಬರೆದುಕೊಂಡು ಮೆಟ್ಟಿಲು ಹತ್ತಿಳಿಯುತ್ತಿದ್ದಾರೆ. ಹಿಂದಿನ ದಿನ ಇಬ್ಬರು ಲಕ್ಷ್ಮಮ್ಮಂದಿರ ಸಕ್ಕರೆ ಚೀಟಿ ಅದಲುಬದಲಾಗಿ, ಇಲ್ಲದ ಕಾಯಿಲೆಗೆ ಮಾತ್ರೆ ಬರೆಯುವುದು ಸ್ವಲ್ಪದರಲ್ಲಿ ತಪ್ಪಿತ್ತಂತೆ. ಪಾವಗಡದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು "ಇಂಕಾ ಎಂತಸೇಪಯ್ಯಾ?" ಅಂತ ಕಂಡಕಂಡವರನ್ನೆಲ್ಲ ಕೇಳುತ್ತಿದ್ದರು. ಇನ್ನೂ ಎಷ್ಟು ಹೊತ್ತು ಅಂತ ನನಗಾದರೂ ಏನು ಗೊತ್ತು?

ಇಂಥ ಕಡೆ ಎಲ್ಲ ಕಂಪ್ಯೂಟರಿನ ತಂತಿಗಳೂ ಬಂದು ಸೇರುವ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಸ್ವಿಚ್ ಅನ್ನುತ್ತಾರೆ. (ಗೋಡೆಯ ಲೈಟ್ ಸ್ವಿಚ್ ಅಲ್ಲ.) ಲ್ಯಾಬಿನ ರಿಪೋರ್ಟು ಡಾಕ್ಟರಿಗೆ, ಡಾಕ್ಟರ ಚೀಟಿ ಔಷಧಿ ಅಂಗಡಿಗೆ ಹೋಗುವುದು ಅದರ ಮೂಲಕವೇ. ಅದರೊಳಗೂ ಒಂದು ಪ್ರೊಸೆಸರ್ ಇದೆ. ಸಾಮಾನ್ಯವಾಗಿ ಅದು ಅರೆನಿದ್ದೆಯಲ್ಲಿರುತ್ತದೆ. ನಾನು ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದರೆ ತೊಂಬತ್ತೆಂಟು ಪರ್ಸೆಂಟ್! ಉಸಿರಾಡಲೂ ಪುರುಸೊತ್ತಿಲ್ಲ.

ಯಾವ ಕಡೆಯಿಂದ ಇಷ್ಟು ಹೊರೆ ಬರುತ್ತಿದೆ? ಒಂದೊಂದೇ ಪೋರ್ಟ್, ಅಂದರೆ ತಂತಿ ಸಿಕ್ಕಿಸುವ ತೂತು, ನೋಡುತ್ತಾ ಹೋದೆ. ಏಳನೆಯದರಲ್ಲಿ ಪ್ರವಾಹ. ಅದನ್ನು ಬಂದ್ ಮಾಡಿದೆ. ಪ್ರೊಸೆಸರ್ ಸರ್ರನೆ ಇಳಿಯಿತು. ಮೇಲಿಂದ ನಯಾಜ್ ಕೂಗಿದರು, "ಬಂತು ಸಾರ್, ಬಂತು!"

"ಏಳನೇದು ಯಾರ್ದು?" ರುದ್ರಪ್ಪ ಕೇಳಿದರು.

ತಂತಿಗೆ ಅಂಟಿಸಿದ್ದ ಲೇಬಲ್ ಓದಿದೆ. "ರಿಸೆಪ್ಷನ್‌ದು."

ಅವರ ಮುಖ ನೋಡಬೇಕಿತ್ತು. "ನಾನು ಅಂದ್ಕಂಡಿದ್ದೇ ಆಯ್ತು. ಆಯಮ್ಮ ಸೇರಿದ ವಾರದಿಂದ್ಲೇ ಸಾರ್ ಇದು ಶುರುವಾಗಿರೋದು. ಆಯಮ್ಮ ಬರೋದು ಒಂಬತ್ತೂವರೆಗೆ. ನಿಂತೋಗೋದೂ ಒಂಬತ್ತೂವರೆಗೆ. ಆಯಮ್ಮ ಹೋದ್ಮೇಲೆ ಸರಿಹೋಗ್ತದೆ."

ಆಯಮ್ಮ ಅಂದರೆ ರಿಸೆಪ್ಷನ್ನಿಗೆ ಹೊಸದಾಗಿ ಬಂದಿದ್ದ ಗಂಗಲಕ್ಷ್ಮಿ. ನಲವತ್ತರ ಆಸುಪಾಸು. ತಾವರೆಕೆರೆಯಿಂದ ಬಸ್ಸಿನಲ್ಲಿ ಬರುವವರು. ಮೊದಲು ಒಂದು ಕಾನ್ವೆಂಟಿನಲ್ಲಿ ಟೀಚರ್ ಆಗಿದ್ದವರು, ಅದು ಮುಚ್ಚಿತು ಅಂತ ಇಲ್ಲಿ ಸೇರಿದ್ದರು. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು. "ಸಾರ್, ಇಲ್ಲಿ ಒಂದು..." ಅಂತ ಏನೋ ಹೇಳಹೊರಟರು. ನನ್ನ ಕಣ್ಣು ಅಷ್ಟರಲ್ಲಿ ಅವರ ಕಂಪ್ಯೂಟರಿಗೆ ಸಿಕ್ಕಿಸಿದ್ದ ಪೆನ್‌ಡ್ರೈವ್ ಮೇಲೆ ಬಿದ್ದಿತ್ತು.

"ಇದು ಯಾರದು?"

"ನಂದೇ ಸಾರ್. ಮಗಳ ಮಾರ್ಕ್ಸ್ ಕಾರ್ಡ್ ಒಂದು ಪ್ರಿಂಟ್ ತಗೋಬೇಕಿತ್ತು..."

ರುದ್ರಪ್ಪನವರಿಗೆ ಅಷ್ಟು ಸಾಕಾಯಿತು. "ಬ್ಯಾಗ್ ತೆಗೀರಿ ಕಣಮ್ಮ. ಇನ್ನೂ ಏನೇನೈತೆ ನೋಡಣ."

ಕೌಂಟರಿನ ಮೇಲೆ ಒಂದೊಂದಾಗಿ ಬಂದವು. ಊಟದ ಡಬ್ಬಿ. ಆಧಾರ್ ಜೆರಾಕ್ಸ್. ಬಾಚಣಿಗೆ. ಅರ್ಧ ಖಾಲಿಯಾದ ಮಾತ್ರೆ ಶೀಟು. ಅಷ್ಟೇ. ಹತ್ತು ಹದಿನೈದು ಜನ ಪೇಷಂಟ್‌ಗಳು ನೋಡುತ್ತಿದ್ದರು. ಗಂಗಲಕ್ಷ್ಮಿ ಅಳಲಿಲ್ಲ. ಎಲ್ಲವನ್ನೂ ವಾಪಸ್ ತುಂಬಿಕೊಂಡು ಜಿಪ್ ಎಳೆದರು.

ನಾನು ಏನು ಮಾಡುತ್ತಿದ್ದೆ? ವೈರಸ್ ಸ್ಕ್ಯಾನ್ ಮಾಡುತ್ತಿದ್ದೆ. ಕಂಪ್ಯೂಟರಿನಲ್ಲೂ ಏನೂ ಸಿಗಲಿಲ್ಲ, ಪೆನ್‌ಡ್ರೈವಿನಲ್ಲೂ ಸಿಗಲಿಲ್ಲ. ಆಗ "ಏನೂ ಇಲ್ಲ" ಅನ್ನಬೇಕಿತ್ತು ತಾನೆ? ನನ್ನ ಬಾಯಿಂದ ಬಂದದ್ದು ಬೇರೆ: "ಕೆಲವು ವೈರಸ್ ಸ್ಕ್ಯಾನಿಗೂ ಸಿಗಲ್ಲ ರುದ್ರಪ್ಪನವರೇ."

ಈ ಒಂದು ಮಾತಿಗೆ ಗಂಗಲಕ್ಷ್ಮಿಯವರನ್ನು ಮನೆಗೆ ಕಳಿಸಿದರು. ಹೇಳುವ ತನಕ ಬರಬೇಡಿ ಅಂದರು.

ಆಮೇಲೆ ಮೂರು ದಿನ ಆಸ್ಪತ್ರೆ ಸಲೀಸಾಗಿ ನಡೆಯಿತು. ರಿಸೆಪ್ಷನ್ ಕೆಲಸವನ್ನು ಔಷಧಿ ಅಂಗಡಿಯ ಕಂಪ್ಯೂಟರಿನಲ್ಲೇ ಮಾಡಿಕೊಂಡರು. ಬಂದ್ ಮಾಡಿದ್ದ ಏಳನೇ ಪೋರ್ಟನ್ನು ನಾನು ಮನೆಯಿಂದಲೇ ಮತ್ತೆ ತೆರೆದು ನೋಡಿದೆ. ಪ್ರೊಸೆಸರ್ ತಣ್ಣಗಿತ್ತು. ರುದ್ರಪ್ಪ ಫೋನ್ ಮಾಡಿ ಬೀಗಿದರು. "ನೋಡುದ್ರಾ ಸಾರ್? ಇನ್ನೇನು ಪುರಾವೆ ಬೇಕು?" ನಾನೂ ಒಪ್ಪಿಕೊಂಡೆ. ನನ್ನ ಅನುಮಾನ ನಿಜವಾಯಿತಲ್ಲ ಅಂತ ಒಳಗೊಳಗೇ ಖುಷಿಯೂ ಆಯಿತು. ಸುಳ್ಳು ಯಾಕೆ ಹೇಳಲಿ?

ನಾಲ್ಕನೇ ದಿನ ಬೆಳಿಗ್ಗೆ ಮತ್ತೆ ಫೋನು. ಈ ಸಲ ಗತ್ತಿಲ್ಲ. "ಸಾರ್, ಮತ್ತೆ ನಿಂತೋಯ್ತು."

"ರಿಸೆಪ್ಷನ್‌ನಲ್ಲಿ ಯಾರಿದ್ದಾರೆ?"

"ನಾನೇ ಕುಂತಿವ್ನಿ."

ಹೊಸಬರನ್ನು ಹುಡುಕುವ ತನಕ ತಾವೇ ನೋಡಿಕೊಳ್ಳೋಣ ಅಂತ ಟೇಬಲ್ಲಿನ ಪ್ಲಗ್ ಹಾಕಿ ಕೂತಿದ್ದರಂತೆ. ಪ್ಲಗ್ ಹಾಕಿದ ಐದೇ ನಿಮಿಷಕ್ಕೆ ಎಲ್ಲವೂ ಬಂದ್.

ಈ ಸಲ ಹೋದವನೇ ಯಾರ ಮುಖವನ್ನೂ ನೋಡಲಿಲ್ಲ. ಟಾರ್ಚ್ ಹಿಡಿದು ಟೇಬಲ್ಲಿನ ಕೆಳಗೆ ತೂರಿಕೊಂಡೆ. ಧೂಳು, ಜೇಡರ ಬಲೆ, ಅದರ ಹಿಂದೆ ಅಂಗೈಯಗಲದ ಇನ್ನೊಂದು ಪುಟ್ಟ ಸ್ವಿಚ್ ಪೆಟ್ಟಿಗೆ, ಕರೆಂಟು ಟೇಬಲ್ಲಿನ ಅದೇ ಪ್ಲಗ್ಗಿನಿಂದ. ಕಂಪ್ಯೂಟರಿಗೂ ಪ್ರಿಂಟರಿಗೂ ಒಂದೇ ತಂತಿ ಸಾಲದು ಅಂತ ಎಂದೋ ಯಾರೋ ಇಟ್ಟದ್ದು. ಅದಕ್ಕೊಂದು ಹಳದಿ ತಂತಿ. ಒಂದು ತುದಿ ಆ ಪೆಟ್ಟಿಗೆಯಲ್ಲಿ, ಇನ್ನೊಂದು ತುದಿಯೂ ಅದೇ ಪೆಟ್ಟಿಗೆಯಲ್ಲಿ! ಹೀಗಾದರೆ ಅದರೊಳಗೆ ಹೋದ ಸಂದೇಶ ಗಾಣದೆತ್ತಿನ ಹಾಗೆ ಸುತ್ತುತ್ತದೆ, ಸುತ್ತಿದಷ್ಟೂ ಹೆಚ್ಚುತ್ತದೆ, ಹೆಚ್ಚಿದ್ದೆಲ್ಲ ದೊಡ್ಡ ಸ್ವಿಚ್ಚಿನ ಮೇಲೆ ಬೀಳುತ್ತದೆ. ಗಂಗಲಕ್ಷ್ಮಿ ಮಾಡಿದ ತಪ್ಪು ಇಷ್ಟೇ. ದಿನಾ ಸರಿಯಾದ ಹೊತ್ತಿಗೆ ಬಂದು ಪ್ಲಗ್ ಹಾಕುತ್ತಿದ್ದರು, ಹೋಗುವಾಗ ತೆಗೆಯುತ್ತಿದ್ದರು.

ತಂತಿ ಕಿತ್ತು ಮೇಲೆದ್ದು ತೋರಿಸಿದೆ. "ಇದನ್ನ ಹೀಗೆ ಸಿಕ್ಕಿಸಿದ್ದು ಯಾರು?"

ರುದ್ರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಾನೇ ಸಾರ್. ಹೊಸಬರು ಬತ್ತಾರೆ, ನೇತಾಡೋ ವೈರು ಕಾಲಿಗೆ ಸಿಗ್ತದೆ, ನೀಟಾಗಿರ್ಲಿ ಅಂತ... ಖಾಲಿ ತೂತು ಕಾಣುಸ್ತು, ತುರುಕ್ಬುಟ್ಟೆ."

ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅದನ್ನು ನಂಬುತ್ತೇನೆ. ಆದರೆ ಆ ವಾರ ಆಸ್ಪತ್ರೆಯಲ್ಲಿ ಏನೇನು ಬದಲಾಯಿತು ಅಂತ ಲೆಕ್ಕ ಹಾಕುವಾಗ ತಮ್ಮ ಕೈ ಅವರಿಗೆ ನೆನಪಾಗಲೇ ಇಲ್ಲ. ನನಗೂ ತಂತಿ ನೋಡಬೇಕು ಅನ್ನಿಸಲಿಲ್ಲ. ಇಪ್ಪತ್ತು ವರ್ಷದ ಅನುಭವ ಅಂತ ಹೇಳಿಕೊಂಡು ತಿರುಗುತ್ತೇನೆ!

"ಫೋನ್ ಮಾಡಿ ಬಾ ಅಂದ್ಬುಡಣ," ಅಂದರು ರುದ್ರಪ್ಪ. ಬೇಡ ಅಂದೆ. ಇಬ್ಬರೂ ನನ್ನ ಬೈಕಿನಲ್ಲಿ ತಾವರೆಕೆರೆಗೆ ಹೋದೆವು.

ಗಂಗಲಕ್ಷ್ಮಿ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನೀರು ಕೊಟ್ಟರು. ನಾವು ತಡವರಿಸುತ್ತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಪೆಟ್ಟಿಗೇಲಿ ಲೈಟುಗಳು ಹುಚ್ಚಿಡ್ದಂಗೆ ಮಿಣುಕ್ತಿದ್ವು ಸಾರ್. ಸೇರಿದ ಮೊದ್ಲನೇ ದಿನಾನೇ ನೋಡಿದ್ದೆ. ನೀವು ಬಂದಾಗ ಅದನ್ನೇ ಹೇಳಕ್ಕೆ ಎದ್ದಿದ್ದು."

ಅವತ್ತು ಆ ಮಾತು ಮುಗಿಸಲು ನಾನು ಬಿಟ್ಟಿರಲಿಲ್ಲ.

"ನಾಳೆಯಿಂದ ಬತ್ತೀರೇನಮ್ಮ?" ಅಂದರು ರುದ್ರಪ್ಪ.

"ಬತ್ತೀನಿ. ಆದ್ರೆ ಈ ಮಾತ್ನ ಇಲ್ಲಿ ಹೇಳುದ್ರೆ ಆಗಲ್ಲ. ಡಾಕ್ಟರಮ್ಮನ ಎದ್ರಿಗೆ, ಅವತ್ತಿನ ಹಂಗೇ ಜನ ಇರುವಾಗ, ಆ ಕೌಂಟ್ರು ಹತ್ರಾನೇ ನಿಂತು ಹೇಳ್ಬೇಕು. ಇಬ್ರೂ."

ಮಾರನೇ ದಿನ ಹೇಳಿದೆವು. ಡಾಕ್ಟರಮ್ಮ ತಾವೂ ಕ್ಷಮೆ ಕೇಳಿದರು. ಗಂಗಲಕ್ಷ್ಮಿ ಕೇಳಿಸಿಕೊಂಡು, ಕುರ್ಚಿ ಎಳೆದು ಕೂತು, "ಮುಂದಿನ ನಂಬರ್ ಯಾರು?" ಅಂತ ಕೂಗಿದರು.

ಹೊರಡುವಾಗ ಮೆಟ್ಟಿಲ ಹತ್ತಿರ ನಯಾಜ್ ಸಿಕ್ಕರು. ನಕ್ಕರು, ಆದರೆ ದಾರಿ ಬಿಡಲಿಲ್ಲ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ವಾರ ಆಯಮ್ಮ ಸೇರ್ದೆ ಇದ್ದಿದ್ರೆ, ನೀವಿಬ್ರೂ ಯಾರ ಹೆಸರು ಹೇಳ್ತಿದ್ರಿ ಸಾರ್?"