ಚಲೋ ಸಾಲಿ

ಪಿಯುಸಿ ಪಾಸಾದ ಬೇಸಿಗೆಯಲ್ಲಿ ನಾನು ಶುಕ್ರವಾರಕ್ಕೊಂದು ನೌಕರಿ ಬದಲಿಸುತ್ತಿದ್ದೆ. ಶುಕ್ರವಾರವೇ ಯಾಕೆಂದರೆ ಅವತ್ತು ದುಲ್ಹೇಭಾಯಿ, ಅಂದರೆ ನನ್ನ ಅಕ್ಕನ ಗಂಡ, ಅಕ್ಕನನ್ನು ಕರೆದುಕೊಂಡು ದೇವದುರ್ಗದಿಂದ ಮಾನ್ವಿಗೆ ಬರುತ್ತಿದ್ದರು. ಬಂದವರು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದರು. ಅವರು ಮಲಗಿದರೋ, ಅವರ ಫೋನು ನನ್ನದು. ಅಬ್ಬಾನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಟಾರ್ಚ್ ಹಚ್ಚುವುದು ಬಿಟ್ಟರೆ ಅದಕ್ಕೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಪಿಯುಸಿ ಆದ ಮೇಲೆ ಏನು ಓದಬೇಕು ಅಂತ ಕೇಳಿದ್ದೇ ತಡ, ಆ ಫೋನು ಒಂದರ ಹಿಂದೊಂದು ವಿಡಿಯೊ ತೋರಿಸಿ ನನಗೆ ಲೋಕದಲ್ಲಿರುವ ನೌಕರಿಗಳನ್ನೆಲ್ಲ ತಂದು ಸುರಿಯಿತು. ಒಂದು ವಾರ ಪೈಲಟ್ ಆದೆ. ಮರುವಾರ ಸಮುದ್ರದ ಜೀವಿಗಳ ವಿಜ್ಞಾನಿ ಆದೆ. ಚೀಕಲಪರ್ವಿಯ ಹೊಳೆಯಲ್ಲಿ ಮೊಣಕಾಲಿನ ತನಕ ನಿಂತದ್ದೇ ನನ್ನ ನೀರಿನ ಅನುಭವ, ಆದರೂ ಆದೆ. ಎಂಜಿನಿಯರಿಂಗ್ ಕಥೆ ಮುಗಿಯಿತು ಅಂತ ಒಬ್ಬ ಹೇಳಿದರೆ, ಎಂಜಿನಿಯರಿಂಗ್ ಓದದಿದ್ದರೆ ನಿನ್ನ ಕಥೆ ಮುಗಿಯಿತು ಅಂತ ಅದರ ಕೆಳಗೇ ಇನ್ನೊಬ್ಬ ಹೆದರಿಸುತ್ತಿದ್ದ. ಇಬ್ಬರನ್ನೂ ನಂಬುತ್ತಿದ್ದೆ. ತಲೆಯೊಳಗೆ ಮಂಡಾಳದ ಅಕ್ಕಿ ಹುರಿದಂತೆ ಚಟಪಟ ಚಟಪಟ.

ಹೀಗೆ ಕುಣಿಯುತ್ತಾ ಹೋದವಳು ಒಂದು ಶುಕ್ರವಾರ ಗಕ್ಕನೆ ನಿಂತೆ. ಒಂದು ವಿಡಿಯೊದಲ್ಲಿ ನನ್ನ ವಾರಿಗೆಯ ಹುಡುಗಿಯೊಬ್ಬಳು ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ರಕ್ತ ನೋಡುತ್ತಿದ್ದಳು. ಅವಳಿಗೆ ಕಂಡದ್ದು ನನಗೂ ಕಂಡಿತು: ದುಂಡಗೆ, ಕೆಂಪಗೆ, ಒಂದರ ಮೈಮೇಲೊಂದು ಒರಗಿಕೊಂಡ ಕಣಗಳು. ಲ್ಯಾಬ್ ಟೆಕ್ನಿಷಿಯನ್ ಅಂತೆ. ಡಿಪ್ಲೊಮಾ ಅಂತೆ. ರಾಯಚೂರಿನಲ್ಲೇ ಉಂಟಂತೆ. ನನಗೆ ಆ ಕೆಲಸದ ಮೇಲೆ ಮನಸ್ಸು ಬಿತ್ತು, ಮತ್ತೆ ಏಳಲೇ ಇಲ್ಲ.

ಆದರೆ ಅಬ್ಬಾ ಒಪ್ಪಬೇಕಲ್ಲ. ಅಬ್ಬಾನದು ಮಾನ್ವಿಯ ಬಜಾರಿನಲ್ಲಿ ಚಪ್ಪಲಿ ಅಂಗಡಿ. ಚಪ್ಪಲಿ ಚೆಂದ ಅದ ಅಂತ ತಗೋಬ್ಯಾಡ್ರಿ, ನಾಕ್ ಹೆಜ್ಜಿ ನಡದು ನೋಡ್ರಿ ಅಂತ ಕಲ್ಲೂರಿನಿಂದ ಬಂದ ಗಿರಾಕಿಗಳಿಗೆ ಹೇಳುವುದನ್ನೇ ನನಗೂ ಹೇಳಿದರು. ಕಾಲೇಜು ಒಳ್ಳೆಯದಿರಬೇಕು, ಸಂಜೆ ಬಸ್ಸಿಗೆ ಮನೆ ಸೇರುವಂತಿರಬೇಕು, ಅದನ್ನು ಅವರೇ ಕಣ್ಣಾರೆ ನೋಡಬೇಕು. ಇಲ್ಲವಾದರೆ ನಮ್ಮ ಓಣಿಯ ಹೊಲಿಗೆ ಕ್ಲಾಸು. ಸೂಜಿಗೆ ದಾರ ಪೋಣಿಸುವುದೆಂದರೆ ನನಗೆ ಅಳು ಬರುತ್ತಿತ್ತು. ಅರ್ಜಿ ಹಾಕಲು ಮರುದಿನವೇ ಕೊನೆ. ಹೋಗಿ ನೋಡಿ ಬರಲು ಹೊತ್ತಿಲ್ಲ, ಸದ್ಯಕ್ಕೆ ಫೋನಿನಲ್ಲೇ ತೋರಿಸಬೇಕು.

ದುಲ್ಹೇಭಾಯಿ ಎದ್ದು ಚಹಾ ಹಿಡಿದು ಕೂತಿದ್ದರು. ಅಕ್ಕ ಚಪಾತಿ ಲಟ್ಟಿಸುತ್ತಿದ್ದಳು. ನಾನು ಬೆರಳಲ್ಲಿ ಒತ್ತಿ ತೋರಿಸುತ್ತೇನೆ ಅಂದರೂ ಅಬ್ಬಾ ಕೇಳಲಿಲ್ಲ. ಮಗಳ ಓದಿನ ಮಾತು, ತಾನೇ ಬಾಯಿಬಿಟ್ಟು ಕೇಳುವೆನೆಂದು, ಮಾತು ಕೇಳಿ ಹುಡುಕಿಕೊಡುವ ಅಳಿಯನ ಫೋನನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದರು. ಮನೆಯಲ್ಲಿ ನಾವೆಲ್ಲ ಆಡುವುದು ದಖನಿ. ಆದರೆ ಅಬ್ಬಾ ಕಲಿತದ್ದು ಅಷ್ಟಿಷ್ಟಾದರೂ ಕನ್ನಡ ಶಾಲೆಯಲ್ಲಿ. ವಿದ್ಯೆಯ ವಿಚಾರವನ್ನು ಕನ್ನಡದಲ್ಲೇ ಕೇಳಬೇಕೆಂಬುದು ಅವರ ನಂಬಿಕೆ. ಗಂಟಲು ಸರಿಮಾಡಿಕೊಂಡು, ಅಂಗಡಿಯ ದನಿಯಲ್ಲಿ, ಫೋನಿಗೂ ಮರ್ಯಾದೆ ಕೊಟ್ಟು ಕೇಳಿದರು: "ರಾಯಚೂರಾಗ ಚಲೋ ಸಾಲಿ ತೋರಸ್ರೀ."

ನಮ್ಮ ಕಡೆ ಹಿರಿಯರಿಗೆ ಕಾಲೇಜೂ ಸಾಲಿಯೇ, ಶಾಲೆಯೂ ಸಾಲಿಯೇ. ಚಲೋ ಸಾಲಿ ಅಂದರೆ ಒಳ್ಳೆಯ ಶಾಲೆ. ಆದರೆ ದುಲ್ಹೇಭಾಯಿ ತಮ್ಮ ಫೋನಿಗೆ ಹಿಂದಿ ಹಾಕಿಟ್ಟಿದ್ದರು. ಹಿಂದಿಯಲ್ಲೂ, ನಮ್ಮ ದಖನಿಯಲ್ಲೂ, ಚಲೋ ಅಂದರೆ ನಡಿ ಹೋಗೋಣ. ಸಾಲಿ ಅಂದರೆ ಹೆಂಡತಿಯ ತಂಗಿ.

ಫೋನು ಒಂದು ಕ್ಷಣ ಯೋಚಿಸಿ, ಮಿಂಚುವ ಸೀರೆಯುಟ್ಟ ಒಬ್ಬ ನಾದಿನಿಯನ್ನು ತೋರಿಸಿತು. ಅವಳು ಭಾವನ ಕಾಲರು ಹಿಡಿದು ಎಳೆದೆಳೆದು ಕುಣಿಯುತ್ತಿದ್ದಳು. ಅಬ್ಬಾ ಗಾಬರಿಯಲ್ಲಿ ಮತ್ತೆಲ್ಲೋ ಒತ್ತಿದರೆ ಇನ್ನೊಬ್ಬ ಭಾವ ಮಂಚದ ಕೆಳಗೆ ಅಡಗಿದ್ದ. ಬಸ್ಸಿನ ಗದ್ದಲದಲ್ಲಿ ಕೇಳಲೆಂದು ದುಲ್ಹೇಭಾಯಿ ಸದ್ದು ಪೂರ್ತಿ ಏರಿಸಿಟ್ಟಿದ್ದರು. ಓಣಿಗೆಲ್ಲ ಹಾಡು.

ಅಬ್ಬಾ ಫೋನಿನಿಂದ ಕಣ್ಣು ತೆಗೆದು ಅಳಿಯನನ್ನು ನೋಡಿದರು. "ಯೇ ಕ್ಯಾ ದೇಖ್ತೇ ಜೀ ತುಮೇ?" ಇದೆಂಥದನ್ನು ನೋಡುತ್ತೀರಿ ನೀವು, ಅಂತ. ದುಲ್ಹೇಭಾಯಿಗೆ ಚಹಾ ನೆತ್ತಿಗೇರಿತು. ಅಕ್ಕನ ಲಟ್ಟಣಿಗೆ ನಿಂತಿತು. ಆ ಮನೆಯಲ್ಲಿ ಅವರಿಗೆ ಇದ್ದ ಸಾಲಿ ನಾನೊಬ್ಬಳೇ. ಅಬ್ಬಾ ಫೋನನ್ನು ಬೋರಲು ಹಾಕಿ, ಹೊಲಿಗಿ ಸಾಲಿನೇ ಸಾಕು, ಅಂದುಬಿಟ್ಟರು.

ಅತ್ತರೆ ಕಾಲೇಜು ಹೋಗುತ್ತದೆ, ನಕ್ಕರೆ ಮರ್ಯಾದೆ ಹೋಗುತ್ತದೆ. ನನಗೆ ನಗು ಬಂದುಬಿಟ್ಟಿತು. ಬಾಯಿಗೆ ಓಢಣಿ ತುರುಕಿಕೊಂಡರೂ ನಿಲ್ಲಲಿಲ್ಲ. ಹೇಗೋ ಉಸಿರು ಹಿಡಿದು, ಅಬ್ಬಾ ಆಡಿದ ಭಾಷೆಯಲ್ಲೇ ಹೇಳಿದೆ: "ಅಬ್ಬಾ, ನೀವು ಕನ್ನಡದಾಗ ಸಾಲಿ ಕೇಳೀರಿ. ಅದು ನನ್ನ ಹುಡಕಾಕತ್ತದ."

ಅಬ್ಬಾನ ತುಟಿ ಅಲುಗಿತು. ಸಾಲಿ, ಸಾಲಿ, ಅಂತ ಒಮ್ಮೆ ಕನ್ನಡದಲ್ಲಿ, ಒಮ್ಮೆ ದಖನಿಯಲ್ಲಿ, ಚಪ್ಪಲಿಯಂತೆ ಎಡಗಾಲಿಗೊಮ್ಮೆ ಬಲಗಾಲಿಗೊಮ್ಮೆ ಹಾಕಿ ನೋಡಿದರು. ಆಮೇಲೆ ಹೊಟ್ಟೆ ಕುಲುಕತೊಡಗಿತು. ಅಕ್ಕ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ನಗದೆ ಉಳಿದವರು ದುಲ್ಹೇಭಾಯಿ ಮಾತ್ರ. ಅವರ ಮಾನದ ಪ್ರಶ್ನೆ. ಅಲ್ಲಿಯ ತನಕ ನನ್ನ ಓದಿನ ಬಗ್ಗೆ ಹೂಂ ಅನ್ನದ, ಊಹೂಂ ಅನ್ನದ ಮನುಷ್ಯ, ತಮ್ಮ ಫೋನು ಸಭ್ಯಸ್ಥರ ಫೋನು ಅಂತ ತೋರಿಸುವ ಹಟಕ್ಕೆ ಬಿದ್ದು ನನ್ನ ವಕೀಲರಾಗಿಬಿಟ್ಟರು. ಫೋನಿಗೆ ಕನ್ನಡ ಹಾಕಿದರು. ಅಬ್ಬಾ ಟೋಪಿ ನೆಟ್ಟಗೆ ಮಾಡಿಕೊಂಡು, ಪುಸ್ತಕದ ಭಾಷೆಯಲ್ಲಿ, ಉತ್ತಮ ಶಾಲೆ ಅಂದರು. ಕೊಡೆ ಹಿಡಿದು ಹಾಡುವ ಶಿಶುವಿಹಾರದ ಮಕ್ಕಳು ಬಂದರು. ಮತ್ತೆ ಕೇಳಿ, ಇನ್ನೂ ಕೇಳಿ, ಕೊನೆಗೆ ನನ್ನ ಕಾಲೇಜು ಬಂತು. ಕಟ್ಟಡ, ಗೇಟು, ಹತ್ತಿರದ ಬಸ್ ನಿಲ್ದಾಣ. ಅರ್ಜಿಯನ್ನು ದುಲ್ಹೇಭಾಯಿಯೇ ತುಂಬಿದರು. ಅಬ್ಬಾ ಮಾತ್ರ, ಹೋಗಿ ನಡದು ನೋಡತೀನಿ, ಆಮ್ಯಾಲ ಹೇಳತೀನಿ, ಅಂದರು.

ಸೀಟು ಸಿಕ್ಕ ಮೇಲೆ ಅಬ್ಬಾ, ದುಲ್ಹೇಭಾಯಿ, ನಾನು ಮೂವರೂ ರಾಯಚೂರಿಗೆ ಹೋದೆವು. ಗೇಟಿನ ಹತ್ತಿರ ಅಬ್ಬಾ ನಿಂತುಬಿಟ್ಟರು. ಒಳಗೆ ಹುಡುಗ ಹುಡುಗಿಯರು ಕೂಡಿ ಓಡಾಡುತ್ತಿದ್ದರು. ಅಬ್ಬಾ ಅದನ್ನೇ ನೋಡಿದರು. ಇಲ್ಲಿಂದಲೇ ವಾಪಸ್ ಅಂದಾರು ಅಂತ ನಾನು ಹೆದರಿದೆ. ಆಗ ದುಲ್ಹೇಭಾಯಿ, ಆ ಶುಕ್ರವಾರದಿಂದ ಆ ಪದವನ್ನೇ ಆಡದಿದ್ದವರು, ಗೇಟು ಸರಿಸಿ ನನ್ನ ಕಡೆ ತಿರುಗಿ ದಖನಿಯಲ್ಲಿ ಅಂದರು: "ಚಲೋ, ಸಾಲಿ."

ಅಬ್ಬಾ ನಮಗಿಂತ ಮೊದಲು ಒಳಗೆ ಹೋದರು. ಹೊಸ ಚಪ್ಪಲಿ ಹಾಕಿದ ಗಿರಾಕಿಯಂತೆ ಅಂಗಳದಲ್ಲಿ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ನಡೆದರು. ಕಟ್ಟಡವನ್ನು ತಲೆಯೆತ್ತಿ ನೋಡಿದರು. ಆಮೇಲೆ ಅಳಿಯನಿಗೆ ಕನ್ನಡದಲ್ಲಿ ಉತ್ತರ ಕೊಟ್ಟರು.

"ಹೌದ್ರಿ. ಚಲೋ ಸಾಲಿ."