ಸಾಲವಿದ್ದ ಹುಡುಗಿ

ನಾನು ಬಿ.ಎಸ್ಸಿ. ಓದಬೇಕೆಂದು ಹಟ ಹಿಡಿದಾಗ ರಾಜಾಜಿನಗರ ಇನ್ನೂ ಅರ್ಧ ಊರು, ಅರ್ಧ ಬಯಲು. ಕಾರ್ಮಿಕರಿಗೆಂದು ಒಂದೇ ನಮೂನೆಯಲ್ಲಿ ಕಟ್ಟಿದ್ದ ಮನೆಗಳಲ್ಲಿ ನಮ್ಮದೂ ಒಂದು. ಹಿತ್ತಲ ಬಾಗಿಲು ತೆಗೆದರೆ ಸೈಟುಗಳ ಗಡಿಗೆ ನೆಟ್ಟ ಕಲ್ಲುಗಳು, ಅವುಗಳಾಚೆ ಹುರುಳಿ ಹೊಲ. ಅಪ್ಪ ಮಾಗಡಿ ರಸ್ತೆಯ ಕಡೆಯ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್. ಇಂಟರ್‌ಮೀಡಿಯೆಟ್‌ವರೆಗಿನ ನನ್ನ ಫೀಸನ್ನು ಅವರು ಓವರ್‌ಟೈಮ್ ಮಾಡಿ ಕಟ್ಟಿದ್ದರು. ಡಿಗ್ರಿಗೆ ಬರುವ ಹೊತ್ತಿಗೆ ಎಷ್ಟು ಓವರ್‌ಟೈಮ್ ಮಾಡಿದರೂ ಸಾಲದು ಎಂಬಂತಾಯಿತು. ಕಾಲೇಜಿನ ಫೀಸು, ಅದರ ಮೇಲೆ ಲ್ಯಾಬಿನದು, ಪರೀಕ್ಷೆಯದು, ಪುಸ್ತಕ, ಬಸ್ಸು. ನನ್ನ ಹಿಂದೆ ಓದುವ ತಮ್ಮಂದಿರು ಬೇರೆ ಇದ್ದರು.

“ಟೀಚರ್ ಟ್ರೈನಿಂಗಿಗೆ ಸೇರ್ಕೊಳ್ಳೇ, ಬೇಗ ಮುಗಿಯತ್ತೆ” ಎಂದಳು ಅಮ್ಮ.

“ನಾನು ಕೆಮಿಸ್ಟ್ರಿ ಓದ್ಬೇಕಮ್ಮ. ಆಮೇಲೆ ಬೇಕಾದ್ರೆ ಟೀಚರ್ ಆಗ್ತೀನಿ.”

ನಮ್ಮ ಜನಾಂಗದ ಹಿರಿಯರು ಸೇರಿ ನಡೆಸುತ್ತಿದ್ದ ಒಂದು ವಿದ್ಯಾನಿಧಿ ಪೇಟೆಯಲ್ಲಿತ್ತು. ಬಡ ಹುಡುಗರಿಗೆ ಅಲ್ಲಿ ಬಡ್ಡಿಯಿಲ್ಲದೆ ಸಾಲ ಕೊಡುತ್ತಿದ್ದರು. ಕೆಲಸ ಸಿಕ್ಕ ಮೇಲೆ ತಿಂಗಳು ತಿಂಗಳು ತೀರಿಸಬೇಕು. ಅದುವರೆಗೆ ಯಾವ ಹುಡುಗಿಯೂ ಅಲ್ಲಿಗೆ ಹೋಗಿ ಕೇಳಿರಲಿಲ್ಲ. ಅಪ್ಪ ಮಿಲ್ಲಿಗೆ ರಜೆ ಹಾಕಿ, ಇಸ್ತ್ರಿ ಮಾಡಿಸಿದ ಶರಟು ತೊಟ್ಟು ನನ್ನನ್ನು ಕರೆದುಕೊಂಡು ಹೋದರು. ಒಳಗೆ ಪೇಟ ಸುತ್ತಿದ್ದ ಅಧ್ಯಕ್ಷರು ನನ್ನ ಅಂಕಗಳನ್ನು ನೋಡಿ ತಲೆದೂಗಿದರು. ಆಮೇಲೆ ಅಪ್ಪನ ಕಡೆ ತಿರುಗಿ, “ಹುಡುಗಿ ಜಾಣೆ, ಸರಿ. ಆದ್ರೆ ನಾಳೆ ಮದುವೆಯಾಗಿ ಹೋಗ್ತಾಳೆ. ಆಗ ನಾವು ಸಾಲ ಯಾರನ್ನ ಕೇಳೋದ್ರೀ?” ಎಂದರು.

ಅಪ್ಪ ಮಾತಾಡುವ ಮೊದಲೇ ನಾನೇ ಬಾಯಿ ಬಿಟ್ಟೆ.

“ನನ್ನನ್ನೇ ಕೇಳಿ ಸಾರ್. ಮದುವೆಯಾದ ಮೇಲೂ ನಾನು ನಾನೇ ಅಲ್ವಾ?”

ಪಕ್ಕದಲ್ಲಿ ಕುಳಿತಿದ್ದವರೊಬ್ಬರು ಕೆಮ್ಮಿದರು. ಅಧ್ಯಕ್ಷರು ಮಾತ್ರ ನಕ್ಕುಬಿಟ್ಟರು. ಅಪ್ಪನ ಜಾಮೀನಿನ ಮೇಲೆ ಸಾಲ ಮಂಜೂರಾಯಿತು. ಮೆಟ್ಟಿಲಿಳಿಯುವಾಗ ಅಪ್ಪ, “ಅಷ್ಟು ಜೋರಾಗಿ ಮಾತಾಡ್ಬಾರ್ದಿತ್ತು” ಎಂದರು. ಎರಡು ಹೆಜ್ಜೆ ಇಳಿದ ಮೇಲೆ, “ಆದ್ರೂ ಸರಿಯಾಗೇ ಹೇಳ್ದೆ” ಎಂದು ಸೇರಿಸಿದರು.

ಸಾಲದ ದುಡ್ಡಿನಲ್ಲಿ ಓದುವವರಿಗೆ ತರಗತಿಯಲ್ಲಿ ನಿದ್ದೆ ಬರುವುದಿಲ್ಲ. ಮಧ್ಯಾಹ್ನದ ಸೆಕೆಯಲ್ಲಿ ಗೆಳತಿಯರು ತೂಕಡಿಸುತ್ತಿದ್ದರೆ ನಾನು ಮೇಷ್ಟರ ಮಾತೆಲ್ಲ ಬರೆದುಕೊಳ್ಳುತ್ತಿದ್ದೆ. ಬಸ್ಸಿನ ಕಾಸು ಉಳಿಸಲು ಎಷ್ಟೋ ದಿನ ಮಲ್ಲೇಶ್ವರದ ಮೇಲೆ ಮನೆಗೆ ನಡೆದುಬಂದೆ. ಕೆಂಪು ದೂಳು ಸೀರೆಯ ಅಂಚಿಗೆ ಹತ್ತಿ ಒಗೆದರೂ ಹೋಗುತ್ತಿರಲಿಲ್ಲ. ಕಷ್ಟಪಟ್ಟೆ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಲ್ಯಾಬಿನಲ್ಲಿ ಬಣ್ಣವಿಲ್ಲದ ದ್ರಾವಣ ಒಂದೇ ಹನಿಗೆ ಗುಲಾಬಿಯಾಗುವುದನ್ನು ನೋಡುವಾಗ, ಇದಕ್ಕೆ ಬೆಲೆ ಕೊಡುತ್ತಿರುವವಳು ನಾನೇ ಎಂಬ ಹೆಮ್ಮೆ ಇತ್ತು.

ಪಾಸಾದೆ. ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸವೂ ಸಿಕ್ಕಿತು. ಮೊದಲ ಸಂಬಳದಿಂದಲೇ ನಿಧಿಗೆ ಕಂತು ಕಟ್ಟತೊಡಗಿದೆ. ಅಷ್ಟರಲ್ಲಿ ಗಂಡು ನೋಡುವ ಮಾತು ಶುರುವಾಯಿತು.

ಮೊದಲು ಬಂದವರು ಮಲ್ಲೇಶ್ವರದ ಕಡೆಯವರು. ಹುಡುಗ ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ. ಅವನ ತಂದೆಗೆ ನನ್ನ ಸಂಬಳ ಬಲು ಹಿಡಿಸಿತ್ತು. ಕಾಫಿ ಕೊಟ್ಟು ನಾನು ಅಲ್ಲೇ ನಿಂತು ಹೇಳಿದೆ: “ಓದಿನ ಸಾಲ ಇದೆ. ಅದು ತೀರೋವರೆಗೂ ನನ್ನ ಸಂಬಳದಲ್ಲಿ ಒಂದು ಪಾಲು ಅಲ್ಲಿಗೇ ಹೋಗತ್ತೆ. ಮೊದಲೇ ಗೊತ್ತಿರಲಿ ಅಂತ ಹೇಳ್ದೆ.”

ಅವರ ಮುಖ ಬಿಗಿಯಿತು. “ಅದನ್ನ ನಿಮ್ಮ ತಂದೆ ತೀರಿಸ್ಬೇಕಮ್ಮ. ಸಾಲ ಹೊತ್ಕೊಂಡು ಬರೋ ಸೊಸೇನ ನಾವು ಎಲ್ಲೂ ಕೇಳಿಲ್ಲ” ಎಂದರು.

“ಓದಿದ್ದು ನಾನು. ತೀರಿಸೋದೂ ನಾನೇ.”

ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಅಮ್ಮ ಒಲೆಯ ಮುಂದೆ ಕೂತು ಅತ್ತಳು. “ಬಾಯ್ಮುಚ್ಕೊಂಡು ಇದ್ದಿದ್ರೆ ಏನಾಗ್ತಿತ್ತೇ?”

“ಮದುವೆಯಾದ ಮೇಲೆ ಗೊತ್ತಾಗ್ತಿತ್ತು. ಆಗ ನೀನು ಇನ್ನೂ ಜಾಸ್ತಿ ಅಳ್ತಿದ್ದೆ” ಎಂದೆ. ಮಾತು ಗಟ್ಟಿಯಾಗಿಯೇ ಬಂತು. ಎದೆಯೊಳಗೆ ಸ್ವಲ್ಪ ಅಳುಕಿದ್ದದ್ದೂ ನಿಜ.

ಕೆಲವು ತಿಂಗಳ ಮೇಲೆ ಕೆಂಗೇರಿಯಿಂದ ಒಬ್ಬ ಎಂಜಿನಿಯರ್ ಹುಡುಗ ತಾಯಿಯೊಡನೆ ಬಂದ. ತಂದೆ ಇರಲಿಲ್ಲ. ಮೈಸೂರು ರಸ್ತೆಯ ಬಸ್ಸು ಇಳಿದು, ದಾರಿ ತಪ್ಪಿ, ಬಿಸಿಲಲ್ಲಿ ಸೈಟುಗಳ ಮಧ್ಯೆ ಅಲೆದು ಇಬ್ಬರೂ ಬೆವತುಹೋಗಿದ್ದರು. ಆ ತಾಯಿ ಕೂತ ಕೂಡಲೇ, “ಒಂದು ಚೆಂಬು ನೀರು ಕೊಡವ್ವ, ಆಮೇಲೆ ಉಳಿದಿದ್ದು” ಎಂದರು. ನನಗೆ ಅವರು ಅಲ್ಲೇ ಇಷ್ಟವಾದರು.

ಅಮ್ಮ ಅಡುಗೆಮನೆಯ ಬಾಗಿಲಿಂದ ಕಣ್ಣಲ್ಲೇ ಬೇಡ ಎನ್ನುತ್ತಿದ್ದಳು. ನಾನು ಹಿಂದಿನ ಸಲದ ಮಾತನ್ನೇ ಹೇಳಿದೆ. ಹುಡುಗ ಅಪ್ಪನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

“ನನಗೂ ಇದೆ” ಎಂದ.

“ಏನು?”

“ಸಾಲ. ಎಂಜಿನಿಯರಿಂಗ್ ಫೀಸಿಗೆ ಬೆಲ್ಲದ ಮಂಡಿಯವರ ಹತ್ರ ತಗೊಂಡಿದ್ದು. ಅದನ್ನ ಹೆಂಗೆ ಹೇಳೋದು ಅಂತ ಬಸ್ಸಲ್ಲಿ ಅಮ್ಮನ ಹತ್ರ ಕೇಳ್ತಾನೇ ಬಂದೆ. ನೀವು ಹೇಳಿ ನನ್ನ ಕೆಲಸ ಸುಲಭ ಮಾಡಿದ್ರಿ.”

ಅಪ್ಪ ಮೊದಲು ನಕ್ಕರು. ಹುಡುಗನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅಮ್ಮನೂ ಕೊನೆಗೆ ಹೊರಗೆ ಬಂದಳು.

“ಬಡ್ಡಿ ಇದೆಯಾ?” ಎಂದು ಕೇಳಿದೆ.

“ಇದೆ.”

“ಹಾಗಾದ್ರೆ ನಿಮ್ಮದು ಮೊದಲು ತೀರಿಸ್ಬೇಕು. ನನ್ನದಕ್ಕೆ ಬಡ್ಡಿ ಇಲ್ಲ, ಕಂತು ಕಟ್ಕೊಂಡು ಹೋದ್ರೆ ಸಾಕು.”

ಹುಡುಗನ ತಾಯಿ ಅಮ್ಮನ ಕಡೆ ತಿರುಗಿ, “ಇನ್ನೇನು ಉಳೀತು ನಾವು ಮಾತಾಡೋಕೆ? ಮುಹೂರ್ತ ನೋಡ್ಸಿ” ಎಂದರು. ಹೆಣ್ಣು ನೋಡಲು ಬಂದ ದಿನವೇ ನಾವಿಬ್ಬರೂ ಹೀಗೆ ಸಂಸಾರದ ಲೆಕ್ಕ ಮುಗಿಸಿದ್ದೆವು.

ವರದಕ್ಷಿಣೆಯ ಮಾತು ಬರಲೇ ಇಲ್ಲ. ಮದುವೆ ಕೆಂಗೇರಿಯಲ್ಲಿ, ಅವರ ಮನೆಯ ಮುಂದೆ ಚಪ್ಪರ ಹಾಕಿ ಸರಳವಾಗಿ ನಡೆಯಿತು. ಆಮೇಲೆ ರಾಜಾಜಿನಗರದಲ್ಲೇ ಒಂದು ಬಾಡಿಗೆ ಮನೆ ಹಿಡಿದೆವು. ಅತ್ತೆಯೂ ಜೊತೆಗೆ ಬಂದರು. ಮೊದಲ ಎರಡು ದೀಪಾವಳಿಗೆ ಮನೆಯಲ್ಲಿ ಹೊಸ ಬಟ್ಟೆ ಅತ್ತೆಗೆ ಮಾತ್ರ. ಭಾನುವಾರ ಸಿನಿಮಾದ ಬದಲು ಬಸವೇಶ್ವರನಗರ ಈಗಿರುವ ಕಡೆಯ ಬಯಲಿನಲ್ಲಿ ಸುತ್ತಾಡಿ, ಕಡಲೆಕಾಯಿ ಮೆಲ್ಲುತ್ತ ಬರುತ್ತಿದ್ದೆವು. ಕೊರತೆಯೆಂದು ಯಾರೂ ಮುಖ ಸಣ್ಣ ಮಾಡಲಿಲ್ಲ. ಮಂಡಿಯವರ ಸಾಲ ಮೊದಲು ತೀರಿತು. ಆ ಮೇಲೆ ನನ್ನದು ಬೇಗ ಬೇಗ ಕರಗಿತು.

ಎಲ್ಲ ಮುಗಿದ ತಿಂಗಳು ಕೈಯಲ್ಲಿ ಇಡೀ ಸಂಬಳ ಉಳಿದಾಗ ನಮಗಿಬ್ಬರಿಗೂ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಅತ್ತೆಗೆ ಗೊತ್ತಿತ್ತು. ಬೀದಿಯ ಹೆಂಗಸರನ್ನೆಲ್ಲ ಕರೆದು ಒಬ್ಬಟ್ಟಿನ ಊಟ ಹಾಕಿದರು. ಬಡಿಸುತ್ತ ಬಡಿಸುತ್ತ, “ನನ್ನ ಮಗ, ಸೊಸೆ ಇಬ್ರೂ ತಮ್ಮ ಓದಿನ ದುಡ್ಡು ತಾವೇ ಕಟ್ಟಿದಾರೆ ಕಣ್ರವ್ವ” ಎಂದು ಒಬ್ಬೊಬ್ಬರಿಗೂ ಹೇಳಿದರು. ಪಕ್ಕದ ಮನೆಯಾಕೆಗೆ ಎರಡು ಸಲ ಹೇಳಿದರು. ತುಪ್ಪದ ಗಿಂಡಿ ಹಿಡಿದು ಅವರ ಹಿಂದೆಯೇ ಹೋಗುತ್ತಿದ್ದ ನಾನು, ಮೂರನೆಯ ಸಲ ಹೇಳಿದರೂ ಬೇಡ ಎನ್ನುತ್ತಿರಲಿಲ್ಲ.