ದೊಡ್ಡಮ್ಮ ಹೇಳದ ಉತ್ತರ

ಬೇಸಿಗೆ ರಜೆಗೆ ಕಾಲೇಜಿನ ಹಾಸ್ಟೆಲ್ ಖಾಲಿಯಾಯಿತೆಂದರೆ ಹೈಸ್ಕೂಲ್ ಮಕ್ಕಳು ಬಂದು ತುಂಬಿಕೊಳ್ಳುತ್ತಿದ್ದರು. ಗಣಿತ, ವಿಜ್ಞಾನದ ಶಿಬಿರ. ಹುಡುಗಿಯರ ಮಹಡಿಯನ್ನು ನೋಡಿಕೊಳ್ಳುವವಳು ದೊಡ್ಡಮ್ಮ. ಯಾರ ದೊಡ್ಡಮ್ಮನೂ ಅಲ್ಲ; ಮೈ ದಪ್ಪ, ದನಿ ದಪ್ಪ, ಹಾಗಾಗಿ ಮಕ್ಕಳು ಇಟ್ಟ ಹೆಸರು. ಹಾಸಿಗೆ ಬಟ್ಟೆ ಕೊಡುವುದು, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುವುದು, ಅಮ್ಮ ಬೇಕು ಅಂತ ಅಳುವವರನ್ನು ಬೈದು ನಗಿಸುವುದು ಅವಳ ಕೆಲಸ.

ಶಿಬಿರದಲ್ಲಿ ಒಂದು ಕಟ್ಟಳೆ. ಲೆಕ್ಕದ ಉತ್ತರವನ್ನು ಯಾರೂ ಹೇಳಿಕೊಡಬಾರದು. ಮಕ್ಕಳೇ ಒಂದೊಂದು ಹೆಜ್ಜೆ ಹೇಳಬೇಕು. ತಪ್ಪಿದರೆ ಮೇಷ್ಟ್ರು ತಪ್ಪು ಅನ್ನಬೇಕು, ಸರಿಯಿದ್ದರೆ ಸುಮ್ಮನಿರಬೇಕು.

"ಸುಮ್ಮನಿರೋದಕ್ಕೆ ಸಂಬಳ! ನಾನೂ ಮೇಷ್ಟ್ರಾಗಬಹುದಿತ್ತು" ಎಂದು ದೊಡ್ಡಮ್ಮ ನಗುತ್ತಿದ್ದಳು.

ಆ ವರ್ಷ ಒಬ್ಬ ದರ್ಜಿಯ ಮಗಳು ಬಂದಿದ್ದಳು. ಕಡ್ಡಿಯಂಥ ಹುಡುಗಿ. ಎಲ್ಲದಕ್ಕೂ ಯಾಕೆ ಅನ್ನುತ್ತಿದ್ದವಳಿಗೆ ದೊಡ್ಡಮ್ಮ ಯಾಕಮ್ಮ ಅಂತಲೇ ಹೆಸರಿಟ್ಟಳು.

"ಯಾಕಮ್ಮ, ಏಳೇ, ಬಿಸಿಲು ಬಂತು."

"ಬಿಸಿಲು ಬಂದ್ರೆ ಯಾಕೆ ಏಳ್ಬೇಕು ದೊಡ್ಡಮ್ಮ?"

"ಕೂಗಿ ಕೂಗಿ ನನ್ನ ಗಂಟಲು ಹರೀತಿದೆ, ಅದಕ್ಕೆ!"

ಮಕ್ಕಳ ಫೋನುಗಳು ಆಫೀಸಿನ ಬೀರುವಿನಲ್ಲಿರುತ್ತಿದ್ದವು, ಭಾನುವಾರ ಮಾತ್ರ ಕೈಗೆ. ಯಾಕಮ್ಮನ ಅಪ್ಪ ಹೊಲಿಗೆ ಮೆಷಿನ್ ತುಳಿಯುತ್ತಲೇ ಮಾತಾಡುತ್ತಿದ್ದ. ಆ ಟಕಟಕ ಪಕ್ಕದಲ್ಲಿ ನಿಂತವರಿಗೂ ಕೇಳುತ್ತಿತ್ತು.

ಶಿಬಿರ ಮುಗಿಯಲು ಬಂದಾಗ ಹಿರಿಯ ಮೇಷ್ಟ್ರು ದೊಡ್ಡಮ್ಮನನ್ನು ಕರೆದರು. "ಆ ಹುಡುಗಿ ತಂದೆಗೆ ಹೃದಯಾಘಾತವಂತೆ, ಆಸ್ಪತ್ರೇಲಿದಾರೆ. ಕೊನೇ ದಿನ ಅವಳು ಎಲ್ಲರೆದುರು ತನ್ನ ಲೆಕ್ಕ ವಿವರಿಸ್ಬೇಕು. ಅಲ್ಲೀತನಕ ಹೇಳ್ಬೇಡಿ ಅಂತ ತಾಯೀನೇ ಕೇಳ್ಕೊಂಡಿದಾರೆ. ಬಾಯಿ ಬಿಟ್ಟೀರಿ, ಜೋಕೆ."

ದೊಡ್ಡಮ್ಮನಿಗೆ ಹಳೆಯದೊಂದು ನೆನಪಾಯಿತು. ಅವಳು ಬಾಣಂತಿಯಾಗಿದ್ದಾಗ ಅವಳ ಅಮ್ಮ ಸತ್ತಿದ್ದಳು. ಎದೆಹಾಲು ಬತ್ತೀತು ಅಂತ ಯಾರೂ ಹೇಳಲಿಲ್ಲ. ಅಕ್ಕ ದಿನವೂ ಬಂದು ನಗುನಗುತ್ತ ಮಗುವಿಗೆ ಸ್ನಾನ ಮಾಡಿಸಿ ಹೋಗುತ್ತಿದ್ದಳು. "ನಿನಗೆ ಗೊತ್ತಿತ್ತಾ?" ಎಂದು ಆಮೇಲೆ ಕೇಳಿದರೆ, "ನಿನ್ನ ಒಳ್ಳೇದಕ್ಕೇ ಕಣೇ" ಅಂದಳು. ಅವತ್ತಿನಿಂದ ದೊಡ್ಡಮ್ಮ ಅಕ್ಕನ ಹೊಸಿಲು ತುಳಿಯಲಿಲ್ಲ.

ಆದರೂ ಈಗ ಬಾಯಿ ಬಿಡಲಿಲ್ಲ. ಈ ಕೆಲಸ ಹೋದರೆ ಇನ್ನೊಂದಿಲ್ಲ. ಹೆತ್ತವಳೇ ಬೇಡ ಅಂದಮೇಲೆ ನಾನ್ಯಾರು ಅಂತಲೂ ಅನಿಸಿತು. ಭಾನುವಾರ ಹುಡುಗಿ ಫೋನಿನಲ್ಲಿ ಮಾತಾಡುವಾಗ ಬೆನ್ನು ತಿರುಗಿಸಿ ಬಟ್ಟೆ ಮಡಿಸಿದಳು.

ಮಂಗಳವಾರ ಬೆಳಿಗ್ಗೆ ಹುಡುಗಿ ತಿಂಡಿಗೆ ಹೋಗದೆ ಬಟ್ಟೆ ಕೋಣೆಗೆ ಬಂದು ಬಾಗಿಲು ಹಾಕಿದಳು.

"ದೊಡ್ಡಮ್ಮ, ನೀವು ಉತ್ತರ ಹೇಳ್ಬೇಡಿ. ನಾನು ಹೇಳ್ತೀನಿ. ತಪ್ಪಿದ್ರೆ ತಪ್ಪು ಅನ್ನಿ."

"ಹೋಗೇ, ನನಗ್ಯಾವ ಲೆಕ್ಕ ಬರ್ತದೆ!"

"ಭಾನುವಾರ ಮೆಷಿನ್ ಸದ್ದೇ ಇರಲಿಲ್ಲ. ಅಪ್ಪ ಮಲಗಿದಾರೆ ಅಂದ್ಲು ಅಮ್ಮ. ಅಪ್ಪ ಹಗಲು ಮಲಗಲ್ಲ."

ದೊಡ್ಡಮ್ಮ ದಿಂಬಿನ ಚೀಲ ಕೊಡವಿದಳು.

"ಹೊಸ ಕೊಡೆ ಕಳಕೊಂಡೆ ಅಂದೆ. ಹೋಗ್ಲಿ ಬಿಡು ಅಂದ್ಲು. ನಮ್ಮಮ್ಮ! ಬೈಯಲೇ ಇಲ್ಲ. ನೀವೂ ನನ್ನನ್ನ ಯಾಕಮ್ಮ ಅಂತ ಕರೆಯೋದು ಬಿಟ್ಟಿದ್ದೀರಿ." ಹುಡುಗಿ ದಿಂಬಿನ ಚೀಲದ ಇನ್ನೊಂದು ತುದಿ ಹಿಡಿದಳು. "ಅಪ್ಪಂಗೆ ಏನೋ ಆಗಿದೆ. ತುಂಬಾನೇ ಆಗಿದೆ. ತಪ್ಪು ಅನ್ನಿ ದೊಡ್ಡಮ್ಮ. ಅನ್ನಿ."

ದೊಡ್ಡಮ್ಮನಿಗೆ ನಾಲಿಗೆ ಏಳಲಿಲ್ಲ.

ಗೇಟಿನ ಕಾವಲುಗಾರನಿಗೆ ಹುಡುಗಿಗೆ ಹಲ್ಲುನೋವು ಅಂತ ಸುಳ್ಳು ಹೇಳಿ, ಕೈ ಹಿಡಿದುಕೊಂಡು ಬಸ್ ಹತ್ತಿದಳು.

ಆಸ್ಪತ್ರೆಯಲ್ಲಿ ಅಪ್ಪ ಇನ್ನೂ ಬದುಕಿದ್ದ. ಬಾಯಿಗೆ ಕೊಳವೆ ಹಾಕಿದ್ದರು. ಮಗಳು ಕರೆದರೆ ರೆಪ್ಪೆ ಅಲ್ಲಾಡಲಿಲ್ಲ. ತಾಯಿ ದೊಡ್ಡಮ್ಮನ ಮೇಲೆ ಹರಿಹಾಯ್ದಳು.

"ಯಾರ್ರೀ ನಿಮಗೆ ಹೇಳಿದ್ದು ಕರ್ಕೊಂಡು ಬನ್ನಿ ಅಂತ? ಅವಳು ಓದು ಮುಗಿಸ್ಕೊಂಡೇ ಬರ್ಲಿ ಅಂತ ಅವರೇ ಅಂದಿದ್ದು. ಭಾನುವಾರ ಚೆನ್ನಾಗೇ ಮಾತಾಡ್ತಿದ್ರು, ನಿನ್ನೆಯಿಂದ ಹಿಂಗೆ..." ತಾಯಿ ಗೋಡೆಗೊರಗಿ ಕುಳಿತಳು.

ಹುಡುಗಿ ದೊಡ್ಡಮ್ಮನ ಕಡೆ ತಿರುಗಿದಳು. "ಭಾನುವಾರ ನಿಮಗೆ ಗೊತ್ತಿತ್ತಾ?"

ನಿನ್ನ ಒಳ್ಳೇದಕ್ಕೇ ಕಣೇ ಅನ್ನುವ ಮಾತು ದೊಡ್ಡಮ್ಮನ ಬಾಯಿಗೇ ಬಂದಿತ್ತು. ನುಂಗಿಕೊಂಡಳು.

"ಗೊತ್ತಿತ್ತು."

ಯಾಕೆ ಹೇಳಲಿಲ್ಲ ಅಂತ ಹುಡುಗಿ ಕೇಳಲಿಲ್ಲ. ಹೋಗಿ ಅಪ್ಪನ ಕಾಲ ಬಳಿ ಕೂತಳು. ಸಂಜೆಗೆ ಆತ ಹೋದ.

ಮಾರನೆಯ ದಿನ ಹಿರಿಯ ಮೇಷ್ಟ್ರು ಕೀಲಿಗೊಂಚಲು ಇಸಿದುಕೊಂಡರು. ಕೊನೆಯ ಸಲ ಕೋಣೆ ಗುಡಿಸುವಾಗ ಯಾಕಮ್ಮನ ಮಂಚದ ಸಂದಿಯಲ್ಲಿ ಆ ಹೊಸ ಕೊಡೆ ಸಿಕ್ಕಿತು. ಒಯ್ದು ಕೊಡೋಣವೆಂದು ದೊಡ್ಡಮ್ಮ ಬಸ್ ನಿಲ್ದಾಣದವರೆಗೂ ಹೋದಳು. ತಾನು ಮತ್ತೆ ತುಳಿಯದ ಅಕ್ಕನ ಹೊಸಿಲು ಕಣ್ಣ ಮುಂದೆ ಬಂತು. ವಾಪಸು ಬಂದು ಆಫೀಸಿನ ಮೇಜಿನ ಮೇಲೆ ಇಟ್ಟು ಹೊರಟಳು.